ಬೆಸುಗೆಯ ಒಂದು ಹನಿಯಲ್ಲಿ ಸೀಸ ಎಷ್ಟಿರಬಹುದು?

ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಒಂದು ಕಡೆ, ದೇವನಹಳ್ಳಿ ಮತ್ತು ದೊಡ್ಡಬಳ್ಳಾಪುರ ತಾಲ್ಲೂಕುಗಳಿಗೆ ಸೇರಿದ ಐಟಿಐಆರ್ ಕೈಗಾರಿಕಾ ಪ್ರದೇಶದಲ್ಲಿ, ಫಾಕ್ಸ್‌ಕಾನ್ ಕಂಪನಿಯ ದೊಡ್ಡ ಕಾರ್ಖಾನೆ ಇದೆ. 2025ರಿಂದ ಅಲ್ಲಿ ಐಫೋನ್‌ಗಳು ತಯಾರಾಗುತ್ತಿವೆ. ಜಿಲ್ಲೆಯ ಇನ್ನೊಂದು ಕಡೆ, ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿ, ಇ-ಪರಿಸರ ಎಂಬ ಘಟಕ ಇದೆ. 2005ರಲ್ಲಿ ಕೆಲಸ ಆರಂಭಿಸಿದ ಈ ಘಟಕ, ಹಳೆಯ ಎಲೆಕ್ಟ್ರಾನಿಕ್ ಸಾಮಾನುಗಳನ್ನು ಬಿಚ್ಚಿ ಲೋಹ, ಪ್ಲಾಸ್ಟಿಕ್, ಗಾಜು ಬೇರ್ಪಡಿಸಲು ಸರ್ಕಾರದ ಅನುಮತಿ ಪಡೆದ ದೇಶದ ಮೊದಲ ಘಟಕ ಎಂದು ಹೆಸರಾಗಿದೆ. ಅಂದರೆ ಒಂದು ಫೋನು ಹುಟ್ಟುವ ಜಾಗವೂ ಅದು ಕೊನೆಗೆ ಸೇರಬೇಕಾದ ಜಾಗವೂ ನಮ್ಮ ಜಿಲ್ಲೆಯಲ್ಲೇ ಇವೆ.

ಈ ಎರಡು ಜಾಗಗಳನ್ನು ಜೋಡಿಸುವ ಒಂದು ನಿಯಮವಿದೆ. ಎಲೆಕ್ಟ್ರಾನಿಕ್ಸ್ ಉದ್ಯಮದಲ್ಲಿ ಅದನ್ನು ಚಿಕ್ಕದಾಗಿ ‘ರೋಹ್ಸ್’ ಎನ್ನುತ್ತಾರೆ. ‘ರಿಸ್ಟ್ರಿಕ್ಷನ್ ಆಫ್ ಹಜಾರ್ಡಸ್ ಸಬ್‌ಸ್ಟೆನ್ಸಸ್’ ಎಂಬುದರ ಸಂಕ್ಷಿಪ್ತ ರೂಪ ಅದು. ಕನ್ನಡದಲ್ಲಿ ಹೇಳುವುದಾದರೆ ಅಪಾಯಕಾರಿ ವಸ್ತುಗಳ ಬಳಕೆಗೆ ಹಾಕಿದ ಮಿತಿ. ಪಿಯುಸಿ ಮುಗಿಸಿ ನೀವು ದೇವನಹಳ್ಳಿಯ ಕಾರ್ಖಾನೆಗೆ ಹೋಗಿ, ಹೊಸಕೋಟೆಯಿಂದ ಬಸ್ ಹತ್ತಿ ಕೋಲಾರ ಜಿಲ್ಲೆಯ ನರಸಾಪುರದ ಟಾಟಾ ಎಲೆಕ್ಟ್ರಾನಿಕ್ಸ್‌ಗೆ ಹೋಗಿ, ಮೊದಲ ವಾರದ ತರಬೇತಿಯಲ್ಲೇ ಈ ಪದ ನಿಮ್ಮ ಕಿವಿಗೆ ಬೀಳುತ್ತದೆ. ಮನೆಯಲ್ಲಿ ಮೊಬೈಲ್ ರಿಪೇರಿ ಅಂಗಡಿಯೋ ಗುಜರಿ ವ್ಯಾಪಾರವೋ ಇದ್ದರೆ, ಈ ನಿಯಮ ನಿಮ್ಮ ಮನೆಯವರ ಆರೋಗ್ಯದ ವಿಷಯವೂ ಹೌದು. ಹೀಗಾಗಿ ವಿಜ್ಞಾನ ವಿಭಾಗದವರು ಮಾತ್ರವಲ್ಲ, ವಾಣಿಜ್ಯ ಮತ್ತು ಕಲಾ ವಿಭಾಗದವರೂ ಇದನ್ನು ಓದಬೇಕು.

ಆರು ವಸ್ತುಗಳು, ಎರಡು ಮಿತಿಗಳು

ನಮ್ಮ ದೇಶದ ನಿಯಮ ಆರು ವಸ್ತುಗಳ ಮೇಲೆ ಮಿತಿ ಹಾಕಿದೆ.

ಮೊದಲನೆಯದು ಸೀಸ. ಹಳೆಯ ಬೆಸುಗೆಯಲ್ಲಿ, ಅಂದರೆ ಸೋಲ್ಡರ್‌ನಲ್ಲಿ, ತವರದ ಜೊತೆ ಸೀಸ ಬೆರೆಸುತ್ತಿದ್ದರು. ಪಿವಿಸಿ ವೈರುಗಳ ಹೊದಿಕೆ ಬಿಸಿಗೆ ಹಾಳಾಗದಿರಲೆಂದು ಸೀಸದ ಸಂಯುಕ್ತ ಸೇರಿಸುತ್ತಿದ್ದರು. ದೇಹಕ್ಕೆ ಸೇರಿದ ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಹೊಡೆತ ಕೊಡುತ್ತದೆ. ಇಷ್ಟು ಸೀಸ ರಕ್ತದಲ್ಲಿದ್ದರೆ ತೊಂದರೆಯಿಲ್ಲ ಎನ್ನಬಹುದಾದ ಯಾವ ಸುರಕ್ಷಿತ ಮಟ್ಟವೂ ತಿಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಎರಡನೆಯದು ಪಾದರಸ. ಟ್ಯೂಬ್‌ಲೈಟ್, ಸಿಎಫ್ಎಲ್ ಬಲ್ಬು, ಹಳೆಯ ಎಲ್‌ಸಿಡಿ ಪರದೆಗಳ ಹಿಂದಿನ ದೀಪಗಳಲ್ಲಿ ಇದು ಇರುತ್ತದೆ. ಇದರ ಹೊಡೆತ ನರಮಂಡಲಕ್ಕೆ. 1956ರಲ್ಲಿ ಜಪಾನಿನ ಮಿನಮಾಟದಲ್ಲಿ ಪತ್ತೆಯಾದ ಕಾಯಿಲೆಗೆ ಕಾರ್ಖಾನೆಯ ನೀರಿನಿಂದ ಮೀನಿಗೆ, ಮೀನಿನಿಂದ ಮನುಷ್ಯರಿಗೆ ಹೋದ ಪಾದರಸವೇ ಕಾರಣ.

ಮೂರನೆಯದು ಕ್ಯಾಡ್ಮಿಯಂ. ಪ್ಲಾಸ್ಟಿಕ್‌ನ ಕೆಂಪು, ಹಳದಿ ಬಣ್ಣಗಳಲ್ಲಿ, ಲೋಹದ ಲೇಪನದಲ್ಲಿ, ಸ್ವಿಚ್ಚುಗಳ ಸಂಪರ್ಕ ಬಿಂದುಗಳಲ್ಲಿ ಬಳಸುತ್ತಿದ್ದರು. ಇದು ಮೂತ್ರಪಿಂಡವನ್ನೂ ಎಲುಬನ್ನೂ ಹಾಳುಮಾಡುತ್ತದೆ.

ನಾಲ್ಕನೆಯದು ಹೆಕ್ಸಾವೇಲೆಂಟ್ ಕ್ರೋಮಿಯಂ. ದ್ವಿತೀಯ ಪಿಯುಸಿ ರಸಾಯನಶಾಸ್ತ್ರದಲ್ಲಿ ಪೊಟ್ಯಾಸಿಯಂ ಡೈಕ್ರೋಮೇಟ್ ಓದುವಾಗ ಕ್ರೋಮಿಯಂನ +6 ಉತ್ಕರ್ಷಣ ಸ್ಥಿತಿ ಬರುತ್ತದಲ್ಲ, ಅದೇ ಇದು. ಸತುವಿನ ಲೇಪನವಿರುವ ಸ್ಕ್ರೂಗಳಿಗೆ ತುಕ್ಕು ಹಿಡಿಯದಿರಲೆಂದು ಇದರ ದ್ರಾವಣದಲ್ಲಿ ಅದ್ದುತ್ತಿದ್ದರು. ಉಸಿರಿನಲ್ಲಿ ಹೋದರೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಕ್ರೋಮಿಯಂನ +3 ಸ್ಥಿತಿಗೆ ಇಷ್ಟು ಅಪಾಯವಿಲ್ಲ, ಅದಕ್ಕೆ ಈ ನಿಯಮದಲ್ಲಿ ಮಿತಿಯೂ ಇಲ್ಲ. ಒಂದೇ ಧಾತು, ಆದರೆ ಮೂರು ಎಲೆಕ್ಟ್ರಾನುಗಳ ವ್ಯತ್ಯಾಸಕ್ಕೆ ಕಾನೂನೇ ಬೇರೆಯಾಗುತ್ತದೆ.

ಐದು ಮತ್ತು ಆರನೆಯವು ಪಾಲಿಬ್ರೋಮಿನೇಟೆಡ್ ಬೈಫಿನೈಲ್‌ಗಳು ಹಾಗೂ ಪಾಲಿಬ್ರೋಮಿನೇಟೆಡ್ ಡೈಫಿನೈಲ್ ಈಥರ್‌ಗಳು. ಬ್ರೋಮಿನ್ ಇರುವ ಈ ರಾಸಾಯನಿಕಗಳನ್ನು ಪ್ಲಾಸ್ಟಿಕ್‌ಗೆ ಬೇಗ ಬೆಂಕಿ ಹತ್ತದಿರಲೆಂದು ಸೇರಿಸುತ್ತಿದ್ದರು. ಇವು ಪರಿಸರದಲ್ಲಿ ಬೇಗ ಕರಗಿಹೋಗುವುದಿಲ್ಲ, ದೇಹದ ಕೊಬ್ಬಿನಲ್ಲಿ ಕೂತುಬಿಡುತ್ತವೆ.

ಇವುಗಳಲ್ಲಿ ಕ್ಯಾಡ್ಮಿಯಂಗೆ ಮಿತಿ ತೂಕದ ಶೇ. 0.01. ಉಳಿದ ಐದಕ್ಕೆ ಶೇ. 0.1. ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಶೇ. 0.1 ಅಂದರೆ 1 ಕೆ.ಜಿ. ಅಕ್ಕಿಯಲ್ಲಿ 1 ಗ್ರಾಂ. ಶೇ. 0.01 ಅಂದರೆ 10 ಕೆ.ಜಿ. ಅಕ್ಕಿಯಲ್ಲಿ 1 ಗ್ರಾಂ. ಕಾರ್ಖಾನೆಗಳಲ್ಲಿ ಇದನ್ನೇ 1000 ಪಿಪಿಎಂ, 100 ಪಿಪಿಎಂ ಎನ್ನುತ್ತಾರೆ. ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ.

ಶೇ. 0.1, ಯಾವುದರಲ್ಲಿ?

ಇಡೀ ನಿಯಮದ ಜೀವ ಇರುವುದು ಈ ಪ್ರಶ್ನೆಯಲ್ಲಿ. ಶೇ. 0.1 ಎಂದರೆ ಇಡೀ ಫೋನಿನ ತೂಕದಲ್ಲೋ, ಅದರೊಳಗಿನ ಒಂದು ಭಾಗದ ತೂಕದಲ್ಲೋ?

ಒಂದು ಲೆಕ್ಕ ಮಾಡೋಣ. 50 ಗ್ರಾಂ ತೂಕದ ಒಂದು ಚಾರ್ಜರ್ ಇದೆ ಎಂದುಕೊಳ್ಳಿ. ಅದರೊಳಗೆ ಹಳೆಯ ಮಾದರಿಯ ಬೆಸುಗೆ ಒಟ್ಟು 0.1 ಗ್ರಾಂ ಇದೆ. ಆ ಬೆಸುಗೆಯಲ್ಲಿ ಶೇ. 63 ತವರ, ಶೇ. 37 ಸೀಸ. ಅಂದರೆ ಸೀಸದ ತೂಕ 0.037 ಗ್ರಾಂ, 37 ಮಿಲಿಗ್ರಾಂ. ಇಡೀ ಚಾರ್ಜರಿನ ತೂಕಕ್ಕೆ ಭಾಗಿಸಿದರೆ ಶೇ. 0.074 ಬರುತ್ತದೆ. ಮಿತಿಯೊಳಗೇ ಇದೆ, ಪಾಸು!

ಆದರೆ ನಿಯಮ ಹಾಗೆ ಲೆಕ್ಕ ಹಾಕುವುದಿಲ್ಲ. ‘ಏಕರೂಪದ ವಸ್ತು’ವಿನ ತೂಕದಲ್ಲಿ ಎಷ್ಟು ಎಂದು ಕೇಳುತ್ತದೆ. ಸ್ಕ್ರೂ ಬಿಚ್ಚಿ, ಕತ್ತರಿಸಿ, ಪುಡಿಮಾಡಿ, ಉಜ್ಜಿ, ಹೇಗೆ ಮಾಡಿದರೂ ಯಂತ್ರದ ಬಲದಿಂದ ಇನ್ನೂ ಬೇರೆ ಬೇರೆ ವಸ್ತುಗಳಾಗಿ ಬಿಡಿಸಲು ಆಗದ್ದು ಏಕರೂಪದ ವಸ್ತು. ವೈರು ಒಂದು ವಸ್ತುವಲ್ಲ, ಒಳಗಿನ ತಾಮ್ರ ಒಂದು, ಹೊರಗಿನ ಪಿವಿಸಿ ಇನ್ನೊಂದು. ಸ್ಕ್ರೂ ಕೂಡ ಒಂದು ವಸ್ತುವಲ್ಲ, ಉಕ್ಕು ಒಂದು, ಮೇಲಿನ ತೆಳು ಲೇಪನ ಇನ್ನೊಂದು. ಹಾಗೆಯೇ ಬೆಸುಗೆಯ ಹನಿಯೂ ಒಂದು ಪ್ರತ್ಯೇಕ ವಸ್ತು. ಅದರಲ್ಲಿ ಸೀಸ ಶೇ. 37 ಇದೆ, ಇರಬೇಕಾದ್ದು ಶೇ. 0.1ರೊಳಗೆ. ಮಿತಿಗಿಂತ 370 ಪಟ್ಟು ಹೆಚ್ಚು. ಆ ಒಂದು ಹನಿಯಿಂದ ಇಡೀ ಚಾರ್ಜರ್ ಫೇಲು.

ಯಾಕಿಷ್ಟು ಬಿಗಿ? ಇಡೀ ಸಾಮಾನಿನ ತೂಕ ಲೆಕ್ಕಕ್ಕೆ ತೆಗೆದುಕೊಂಡರೆ ವಿಷವನ್ನು ಭಾರದ ಹಿಂದೆ ಬಚ್ಚಿಡಬಹುದು. ಹತ್ತು ಕೆ.ಜಿ.ಯ ಯಂತ್ರದಲ್ಲಿ ಹತ್ತು ಗ್ರಾಂ ಸೀಸ ಇದ್ದರೂ ದಾಟಿಹೋಗುತ್ತದೆ. ಆದರೆ ಮುಂದೊಂದು ದಿನ ಆ ಯಂತ್ರವನ್ನು ಬಿಚ್ಚುವವರ ಕೈಗೆ ಬರುವುದು ಹತ್ತು ಕೆ.ಜಿ. ಯಂತ್ರವಲ್ಲ. ಬೆಸುಗೆ ಬೇರೆ, ವೈರು ಬೇರೆ, ಪ್ಲಾಸ್ಟಿಕ್ ಬೇರೆಯಾಗಿಯೇ ಬರುತ್ತದೆ. ಹೀಗಾಗಿ ಕೊನೆಗೆ ಸಾಮಾನು ಬಿಚ್ಚುವವರ ಲೆಕ್ಕದಲ್ಲೇ ಅದನ್ನು ತಯಾರಿಸುವವರೂ ಅಳೆಯಬೇಕು. ದೇವನಹಳ್ಳಿಯನ್ನೂ ದಾಬಸ್‌ಪೇಟೆಯನ್ನೂ ಜೋಡಿಸುವ ಎಳೆ ಇದೇ.

ನಿಯಮ ಬಂದ ದಾರಿ

2001ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್ ಮಾರಾಟದ ಹೊತ್ತಿನಲ್ಲಿ, ನೆದರ್ಲೆಂಡ್ಸ್ ಅಧಿಕಾರಿಗಳು ಸೋನಿ ಕಂಪನಿಯ ಸುಮಾರು 13 ಲಕ್ಷ ಪ್ಲೇಸ್ಟೇಷನ್ ಆಟದ ಪೆಟ್ಟಿಗೆಗಳನ್ನು ತಡೆಹಿಡಿದರು. ಕಾರಣ ಆಟದ ಯಂತ್ರವಲ್ಲ, ಅದರ ಕೇಬಲ್. ಕೇಬಲ್ಲಿನಲ್ಲಿ ಆ ದೇಶದ ಮಿತಿಗಿಂತ ಹೆಚ್ಚು ಕ್ಯಾಡ್ಮಿಯಂ ಇತ್ತು. ಕೇಬಲ್ ಬಂದದ್ದು ಹೊರಗಿನ ಪೂರೈಕೆದಾರರಿಂದ. ದುಬಾರಿ ಯಂತ್ರವನ್ನು ನಿಲ್ಲಿಸಿದ್ದು ಅಗ್ಗದ ವೈರು. ತಾನು ತಯಾರಿಸದ ಭಾಗಕ್ಕೂ ತಾನೇ ಹೊಣೆ ಎಂಬ ಪಾಠವನ್ನು ಉದ್ಯಮ ಅಲ್ಲಿಂದ ಕಲಿಯಿತು.

ಯುರೋಪಿಯನ್ ಒಕ್ಕೂಟದ ರೋಹ್ಸ್ ನಿಯಮ 2006ರ ಜುಲೈ 1ರಿಂದ ಜಾರಿಗೆ ಬಂತು. ಶುರುವಿನಲ್ಲಿ ಆರೇ ವಸ್ತುಗಳಿದ್ದವು. 2019ರ ಜುಲೈ 22ರಿಂದ, ಪ್ಲಾಸ್ಟಿಕ್ ಮೆತ್ತಗಾಗಲು ಬೆರೆಸುವ ನಾಲ್ಕು ಥಾಲೇಟ್‌ಗಳನ್ನೂ ಸೇರಿಸಿದರು. ಈಗ ಅಲ್ಲಿ ಹತ್ತು.

ನಮ್ಮಲ್ಲಿ 2011ರ ಇ-ತ್ಯಾಜ್ಯ ನಿಯಮಗಳಲ್ಲಿ ಈ ಮಿತಿಗಳು ಮೊದಲು ಬಂದವು. ಆ ನಿಯಮಗಳು 2012ರ ಮೇ 1ರಿಂದ ಜಾರಿಯಾದವು. ವಸ್ತುಗಳ ಮಿತಿಗೆ ಮಾತ್ರ ಇನ್ನೆರಡು ವರ್ಷ ಕಾಲಾವಕಾಶ ಕೊಟ್ಟು 2014ರ ಮೇ 1ರಿಂದ ಲಾಗೂ ಮಾಡಿದರು. 2016ರಲ್ಲಿ ಹೊಸ ನಿಯಮ ಬಂತು. ಈಗ ಜಾರಿಯಲ್ಲಿರುವುದು 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು, 2023ರ ಏಪ್ರಿಲ್ 1ರಿಂದ. ಫೋನು, ಟಿ.ವಿ.ಯಿಂದ ಹಿಡಿದು ಆಟಿಕೆ, ವೈದ್ಯಕೀಯ ಉಪಕರಣಗಳವರೆಗೆ 106 ಬಗೆಯ ಸಾಮಾನುಗಳು ಇದರ ಪಟ್ಟಿಯಲ್ಲಿವೆ. ದೇಶದೊಳಗೆ ತಯಾರಾದದ್ದಿರಲಿ, ಆಮದಾದದ್ದಿರಲಿ, ಮಿತಿ ಮೀರಿದ ಹೊಸ ಸಾಮಾನನ್ನು ಮಾರುಕಟ್ಟೆಗೆ ತರುವಂತಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮಾರುಕಟ್ಟೆಯಿಂದ ಮಾದರಿಗಳನ್ನು ತೆಗೆದು ಪರೀಕ್ಷೆ ಮಾಡಿಸಬಹುದು. ಮಿತಿ ಮೀರಿದ್ದರೆ ಕಂಪನಿ ಸರಿಪಡಿಸಿಕೊಳ್ಳಬೇಕು, ಸಾಮಾನನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕು.

ಕಾರ್ಖಾನೆಯಲ್ಲಿ ಏನು ನಡೆಯುತ್ತದೆ?

ಒಂದು ಫೋನಿನಲ್ಲಿ ನೂರಾರು ಬಿಡಿಭಾಗಗಳು. ಒಂದೊಂದರಲ್ಲೂ ಹತ್ತಾರು ಏಕರೂಪದ ವಸ್ತುಗಳು. ಎಲ್ಲವನ್ನೂ ಪ್ರತಿಸಲ ಪರೀಕ್ಷಿಸುವುದು ಆಗದ ಮಾತು. ಅದಕ್ಕೆ ಕಾರ್ಖಾನೆಗಳು ಮೂರು ಜರಡಿ ಹಿಡಿಯುತ್ತವೆ.

ಮೊದಲನೆಯ ಜರಡಿ ಕಾಗದದ್ದು. ಸಾಮಾನಿನಲ್ಲಿರುವ ಎಲ್ಲ ಭಾಗಗಳ ಪಟ್ಟಿಗೆ ‘ಬಿಲ್ ಆಫ್ ಮೆಟೀರಿಯಲ್ಸ್’ ಎನ್ನುತ್ತಾರೆ. ಅದರ ಪ್ರತಿಯೊಂದು ಸಾಲಿಗೂ ಪೂರೈಕೆದಾರರಿಂದ ಘೋಷಣಾ ಪತ್ರ ಬೇಕು, ಅಪಾಯ ಹೆಚ್ಚಿರುವ ಭಾಗಗಳಿಗೆ ಪ್ರಯೋಗಾಲಯದ ವರದಿಯೂ ಬೇಕು. ವಾಣಿಜ್ಯ ವಿಭಾಗದವರು ಗಮನಿಸಿ, ಇಲ್ಲಿ ಬೇಕಾದ್ದು ರಸಾಯನಶಾಸ್ತ್ರಕ್ಕಿಂತ ಹೆಚ್ಚಾಗಿ ಲೆಕ್ಕಪತ್ರದ ಶಿಸ್ತು. ವರದಿಯಲ್ಲಿರುವ ಪಾರ್ಟ್ ನಂಬರ್ ಮತ್ತು ಬಂದಿರುವ ಡಬ್ಬಿಯ ನಂಬರ್ ಒಂದೇನಾ? ವರದಿ ಎಷ್ಟು ಹಳೆಯದು? ಇಡೀ ಕನೆಕ್ಟರ್ ಪುಡಿಮಾಡಿ ಪರೀಕ್ಷಿಸಿದ್ದಾರೋ, ಪಿನ್ನು, ಪ್ಲಾಸ್ಟಿಕ್ಕು, ಲೇಪನ ಬೇರೆ ಬೇರೆಯಾಗಿ ಪರೀಕ್ಷಿಸಿದ್ದಾರೋ? ಇಡಿಯಾಗಿ ಪುಡಿಮಾಡಿದ ವರದಿ ಚಾರ್ಜರ್ ಲೆಕ್ಕದ ಹಾಗೆ ಸುಳ್ಳು ಸಮಾಧಾನ ಕೊಡುತ್ತದೆ. ಪೂರೈಕೆದಾರ ತನ್ನ ಬಣ್ಣವನ್ನೋ ಲೇಪನ ಮಾಡುವವರನ್ನೋ ಬದಲಾಯಿಸಿದರೆ ಹಳೆಯ ವರದಿಗೆ ಬೆಲೆಯಿಲ್ಲ.

ಎರಡನೆಯ ಜರಡಿ ಯಂತ್ರದ್ದು. ಬಂದ ಮಾಲನ್ನು ತಪಾಸಣೆ ಮಾಡುವ ವಿಭಾಗದಲ್ಲಿ ಎಕ್ಸ್‌ಆರ್‌ಎಫ್ ಎಂಬ ಉಪಕರಣ ಇರುತ್ತದೆ. ಕೈಯಲ್ಲಿ ಹಿಡಿಯುವ ಪಿಸ್ತೂಲಿನ ಆಕಾರದ್ದೂ ಉಂಟು, ಮೇಜಿನ ಮೇಲಿಡುವ ಪೆಟ್ಟಿಗೆಯಂಥದ್ದೂ ಉಂಟು. ಇದು ವಸ್ತುವಿನ ಮೇಲೆ ಎಕ್ಸ್-ಕಿರಣ ಬಿಡುತ್ತದೆ. ಪರಮಾಣುವಿನ ಒಳಕವಚದ ಎಲೆಕ್ಟ್ರಾನ್ ಹೊರಬೀಳುತ್ತದೆ, ಆ ಜಾಗಕ್ಕೆ ಹೊರಕವಚದ ಎಲೆಕ್ಟ್ರಾನ್ ಇಳಿಯುತ್ತದೆ, ಇಳಿಯುವಾಗ ಆ ಧಾತುವಿಗೇ ವಿಶಿಷ್ಟವಾದ ಎಕ್ಸ್-ಕಿರಣ ಹೊಮ್ಮುತ್ತದೆ. 1913ರಲ್ಲಿ ಮೋಸ್ಲಿ ಧಾತುಗಳ ಎಕ್ಸ್-ಕಿರಣಗಳನ್ನು ಅಳೆದು ಪರಮಾಣು ಸಂಖ್ಯೆಯ ಮಹತ್ವ ತೋರಿಸಿದ್ದನ್ನು ಪ್ರಥಮ ಪಿಯುಸಿಯಲ್ಲಿ ಓದಿದ್ದೀರಿ. ಆ ಪಾಠವೇ ಇಂದು ಕಾರ್ಖಾನೆಯ ಬಾಗಿಲಲ್ಲಿ ನಿಂತು ಸೀಸ ಹಿಡಿಯುತ್ತಿದೆ.

ಈ ಯಂತ್ರಕ್ಕೂ ಮಿತಿಯಿದೆ. ಅದು ಧಾತುವನ್ನು ಗುರುತಿಸುತ್ತದೆ, ಸಂಯುಕ್ತವನ್ನಲ್ಲ. ಕ್ರೋಮಿಯಂ ಇದೆ ಎನ್ನುತ್ತದೆ, ಅದು +3 ಸ್ಥಿತಿಯೋ +6 ಸ್ಥಿತಿಯೋ ಹೇಳುವುದಿಲ್ಲ. ಬ್ರೋಮಿನ್ ಇದೆ ಎನ್ನುತ್ತದೆ, ನಿಷೇಧಿತ ಸಂಯುಕ್ತದ್ದೋ ಬೇರೆಯದೋ ಹೇಳುವುದಿಲ್ಲ. ಸಂಶಯ ಬಂದರೆ ಪ್ರಯೋಗಾಲಯಕ್ಕೆ ಕಳಿಸಬೇಕು. ಅಲ್ಲಿ +6 ಕ್ರೋಮಿಯಂ ಪತ್ತೆಗೆ ಡೈಫಿನೈಲ್‌ಕಾರ್ಬಜೈಡ್ ಎಂಬ ರಾಸಾಯನಿಕ ಹಾಕುತ್ತಾರೆ, ನೇರಳೆ ಮಿಶ್ರಿತ ಕೆಂಪು ಬಣ್ಣ ಬಂದರೆ ಇದೆ ಎಂದರ್ಥ.

ಮೂರನೆಯ ಜರಡಿ ಕೆಲಸಗಾರರ ಕೈ. ಕಾಗದ ಸರಿಯಿದ್ದು ಯಂತ್ರ ಪಾಸು ಮಾಡಿದರೂ ಲೈನಿನಲ್ಲಿ ಒಂದು ಅಜಾಗರೂಕತೆ ಎಲ್ಲವನ್ನೂ ಕೆಡಿಸಬಲ್ಲದು. ಇನ್ನೊಂದು ಲೆಕ್ಕ ನೋಡಿ. ಸರ್ಕ್ಯೂಟ್ ಬೋರ್ಡುಗಳು ಸಾಲಾಗಿ ಹಾದುಹೋಗುವ ಬೆಸುಗೆಯ ತೊಟ್ಟಿಯಲ್ಲಿ 200 ಕೆ.ಜಿ. ಸೀಸರಹಿತ ಬೆಸುಗೆ ಕರಗಿದೆ ಎಂದುಕೊಳ್ಳಿ. ಅದರಲ್ಲಿ ಇರಬಹುದಾದ ಸೀಸ ಹೆಚ್ಚೆಂದರೆ 200 ಗ್ರಾಂ. ಹಳೆಯ ಬೆಸುಗೆಯಲ್ಲಿ ಶೇ. 37 ಸೀಸ ಇರುವುದರಿಂದ, ಸುಮಾರು 540 ಗ್ರಾಂ ಹಳೆಯ ಬೆಸುಗೆ ಬಿದ್ದರೆ ಮಿತಿ ಮುಟ್ಟಿತು. ಒಂದು ಕೆ.ಜಿ.ಯ ಒಂದೇ ಒಂದು ಗಟ್ಟಿಯನ್ನು ತಪ್ಪಿ ಹಾಕಿದರೆ ಇಡೀ ತೊಟ್ಟಿ ಕೆಟ್ಟಿತು. ಅಲ್ಲಿಂದ ಮುಂದೆ ಆ ಲೈನಿನಲ್ಲಿ ಹೋದ ಪ್ರತಿ ಬೋರ್ಡೂ ಫೇಲು. ಸೀಸವಿರುವ ಮತ್ತು ಸೀಸರಹಿತ ಬೆಸುಗೆಗೆ ಬೇರೆ ಬೇರೆ ರ‍್ಯಾಕು, ಬೇರೆ ಬೇರೆ ಸೋಲ್ಡರಿಂಗ್ ತುದಿ, ಬೇರೆ ಬೇರೆ ಡಬ್ಬಿ ಇಡುವುದು ಇದಕ್ಕೇ.

ಸೀಸ ಬಿಟ್ಟಿದ್ದರಿಂದ ಕೆಲಸವೂ ಕಷ್ಟವಾಯಿತು ಎನ್ನುವುದನ್ನು ಮುಚ್ಚಿಡಬೇಕಿಲ್ಲ. ಹಳೆಯ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತಿತ್ತು. ಈಗ ಹೆಚ್ಚು ಬಳಕೆಯಲ್ಲಿರುವ, ಶೇ. 96.5 ತವರ, ಶೇ. 3 ಬೆಳ್ಳಿ, ಶೇ. 0.5 ತಾಮ್ರದ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬೇಕು. ಬಿಡಿಭಾಗಗಳೆಲ್ಲ ಈ ಹೆಚ್ಚಿನ ಬಿಸಿ ತಡೆಯುವಂತಿರಬೇಕು. ಬೆಳ್ಳಿ ಇರುವುದರಿಂದ ಬೆಲೆಯೂ ಹೆಚ್ಚು. ಹಳೆಯ ಬೆಸುಗೆ ಕಂಡರೆ ಕೆಲವರಿಗೆ ಇನ್ನೂ ಆಸೆ ಹುಟ್ಟುವುದು ಈ ಕಾರಣಕ್ಕೆ.

ಈ ನಿಯಮ ಮಾಡದ ಕೆಲಸಗಳು

‘ರೋಹ್ಸ್’ ಎಂದು ಬರೆದ ಹಸಿರು ಗುರುತು ಕಂಡ ಕೂಡಲೇ ಎಲ್ಲವೂ ಸುರಕ್ಷಿತ ಎಂದುಕೊಳ್ಳಬಾರದು. ಈ ನಿಯಮದ ವ್ಯಾಪ್ತಿ ಎಲ್ಲಿಗೆ ಮುಗಿಯುತ್ತದೆ ಎಂಬುದೂ ತಿಳಿದಿರಬೇಕು.

ಒಂದು, ವಿನಾಯಿತಿಗಳಿವೆ. ಬದಲಿ ವಸ್ತು ಸಿಗದ ಕಡೆ ನಿಯಮವೇ ಅವಕಾಶ ಕೊಟ್ಟಿದೆ. ಶೇ. 85ಕ್ಕಿಂತ ಹೆಚ್ಚು ಸೀಸವಿರುವ, ಹೆಚ್ಚಿನ ಬಿಸಿಯಲ್ಲಿ ಕರಗುವ ವಿಶೇಷ ಬೆಸುಗೆ, ಬಿಡಿಭಾಗಗಳ ಗಾಜು ಮತ್ತು ಸೆರಾಮಿಕ್‌ನಲ್ಲಿರುವ ಸೀಸ ಇಂಥವು. 2014ರ ಮೇ 1ಕ್ಕಿಂತ ಮೊದಲು ಮಾರುಕಟ್ಟೆಗೆ ಬಂದ ಸಾಮಾನುಗಳ ದುರಸ್ತಿಗೆ, ಹೊಸ ಬಗೆಯ ಭಾಗ ಸಿಗದಿದ್ದರೆ, ಹಳೆಯ ಬಗೆಯ ಭಾಗಕ್ಕೂ ವಿನಾಯಿತಿ ಇದೆ.

ಎರಡು, 2022ರ ನಿಯಮಗಳು ಸೂಕ್ಷ್ಮ ಉದ್ದಿಮೆಗಳಿಗೆ ಅನ್ವಯಿಸುವುದಿಲ್ಲ. ಬಸ್ ಸ್ಟ್ಯಾಂಡ್ ಪಕ್ಕದ ಮೊಬೈಲ್ ರಿಪೇರಿ ಅಂಗಡಿಗೆ ಈ ಕಾನೂನಿನ ಭಯವಿಲ್ಲ. ಆದರೆ ಸೀಸ ಅಂಗಡಿಯ ಗಾತ್ರ ನೋಡಿ ದೇಹ ಸೇರುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಸೋಲ್ಡರ್ ವೈರಿನ ಮೇಲೆ 60/40 ಎಂದಿದ್ದರೆ ಅದರಲ್ಲಿ ಶೇ. 40 ಸೀಸ ಇದೆ ಎಂದರ್ಥ.

ಮೂರು, ಈ ನಿಯಮ ಸಾಮಾನಿನ ಒಳಗೆ ಏನಿದೆ ಎಂದು ಮಾತ್ರ ನೋಡುತ್ತದೆ. ಕಾರ್ಖಾನೆಯ ಚರಂಡಿಯಲ್ಲಿ ಏನು ಹರಿಯುತ್ತದೆ ಎಂಬುದು 1974ರ ಜಲ ಮಾಲಿನ್ಯ ಕಾಯ್ದೆಗೆ ಸೇರಿದ್ದು. ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ಮತ್ತು ಊರಿನ ಕೊಳಚೆ ನೀರಿನಿಂದ ಕೆರೆಗಳು ಕೆಟ್ಟಿವೆ ಎಂದು ದೊಡ್ಡತುಮಕೂರು, ಚಿಕ್ಕತುಮಕೂರು ಸುತ್ತಲಿನ ಗ್ರಾಮಸ್ಥರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಅವರ ಪ್ರಶ್ನೆಗೆ ರೋಹ್ಸ್ ಪ್ರಮಾಣಪತ್ರ ಉತ್ತರವಾಗುವುದಿಲ್ಲ.

ಬಿಚ್ಚುವವರ ಕೈಗೆ ಬಂದಾಗ

ಇಂದು ತಯಾರಾಗುವ ಫೋನು ಗುಜರಿಗೆ ಬರಲು ಕೆಲವು ವರ್ಷ ಬೇಕು. ಇಂದು ಗುಜರಿಗೆ ಬರುತ್ತಿರುವ ಎಷ್ಟೋ ಸಾಮಾನುಗಳು ನಿಯಮ ಬರುವ ಮೊದಲಿನವು. ಹಳೆಯ ದಪ್ಪ ಟಿ.ವಿ.ಯ ಪಿಕ್ಚರ್ ಟ್ಯೂಬಿನ ಹಿಂಭಾಗದ ಗಾಜಿನಲ್ಲಿ ತೂಕದ ಸುಮಾರು ಐದನೇ ಒಂದು ಭಾಗ ಸೀಸದ ಆಕ್ಸೈಡ್ ಇರುತ್ತದೆ. ಹಳೆಯ ಬೋರ್ಡುಗಳಲ್ಲಿ ಸೀಸದ ಬೆಸುಗೆ, ಹಳೆಯ ವೈರುಗಳಲ್ಲಿ ಸೀಸದ ಪಿವಿಸಿ, ಹಳೆಯ ಪೆಟ್ಟಿಗೆಗಳಲ್ಲಿ ಬ್ರೋಮಿನ್ ಪ್ಲಾಸ್ಟಿಕ್.

ನಮ್ಮಲ್ಲಿ ಎಷ್ಟೋ ವಿದ್ಯಾರ್ಥಿಗಳ ಅಪ್ಪ, ಅಬ್ಬಾ, ಮಾಮ, ಚಾಚಾ ಈ ವ್ಯಾಪಾರದಲ್ಲಿದ್ದಾರೆ. ಅದು ನಾಚಿಕೆಪಡುವ ಕೆಲಸವಲ್ಲ. ಊರು ಎಸೆದದ್ದನ್ನು ಮತ್ತೆ ಬಳಕೆಗೆ ತರುವವರು ಅವರು. ಅವರಿಗೆ ಅಪಾಯ ಬರುವುದು ಎರಡು ಅಭ್ಯಾಸಗಳಿಂದ. ತಾಮ್ರಕ್ಕಾಗಿ ವೈರು ಸುಡುವುದು ಮೊದಲನೆಯದು. ಪಿವಿಸಿ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಮತ್ತು ಡಯಾಕ್ಸಿನ್‌ಗಳು ಹೊರಡುತ್ತವೆ, ಸೀಸ ಬೂದಿಯಲ್ಲಿ ಉಳಿಯುತ್ತದೆ. ಚಿನ್ನಕ್ಕಾಗಿ ಬೋರ್ಡುಗಳನ್ನು ಆಸಿಡ್‌ನಲ್ಲಿ ಅದ್ದುವುದು ಎರಡನೆಯದು. ಹೊಗೆ ಆಸಿಡ್‌ನದ್ದು, ಚರಂಡಿಗೆ ಹೋಗುವುದು ಲೋಹಗಳ ದ್ರಾವಣ. ವೈರನ್ನು ಸುಡದೆ ಸುಲಿದರೆ ತಾಮ್ರವೂ ಶುದ್ಧವಾಗಿ ಸಿಗುತ್ತದೆ, ಬೆಲೆಯೂ ಚೆನ್ನಾಗಿ ಬರುತ್ತದೆ. ಬೋರ್ಡುಗಳನ್ನು ಒಡೆಯದೆ ನೋಂದಾಯಿತ ಘಟಕಕ್ಕೆ ಮಾರಬಹುದು.

2022ರ ನಿಯಮಗಳಲ್ಲಿ ಇವರಿಗೆ ಸಂಬಂಧಿಸಿದ ಒಂದು ಮಾತಿದೆ, ಅದು ಹೆಚ್ಚಿನವರಿಗೆ ತಿಳಿದಿಲ್ಲ. ಇ-ತ್ಯಾಜ್ಯ ಬಿಚ್ಚುವ ಕೆಲಸಗಾರರನ್ನು ಗುರುತಿಸಿ ನೋಂದಾಯಿಸುವುದು, ಅವರಿಗೆ ಕೌಶಲ ತರಬೇತಿ ಕೊಡುವುದು, ಅವರ ಆರೋಗ್ಯ ಮತ್ತು ಸುರಕ್ಷತೆ ನೋಡಿಕೊಳ್ಳುವುದು ರಾಜ್ಯ ಸರ್ಕಾರದ ಹೊಣೆ ಎಂದು ಅಲ್ಲಿ ಬರೆದಿದೆ. ಕೈಗಾರಿಕಾ ಪ್ರದೇಶಗಳಲ್ಲಿ ಈ ಕೆಲಸಕ್ಕೆ ಜಾಗ ಮೀಸಲಿಡಬೇಕೆಂದೂ ಇದೆ. ಅಂದರೆ ಇದನ್ನು ಕೇಳುವ ಹಕ್ಕು ನಮಗಿದೆ. ಅರ್ಜಿ ಬರೆಯುವುದು ಓದಿದ ಮಕ್ಕಳ ಕೆಲಸ.

ನಾವು ಮಾಡಬಹುದಾದದ್ದು

ಮನೆಯಲ್ಲೋ ಅಂಗಡಿಯಲ್ಲೋ ಸೋಲ್ಡರಿಂಗ್ ಮಾಡುವವರು ಈ ಮಾತು ನೆನಪಿಡಿ. ಸೋಲ್ಡರಿಂಗ್ ತುದಿಯ ಬಿಸಿ ಸಾಮಾನ್ಯವಾಗಿ 350ರಿಂದ 400 ಡಿಗ್ರಿ. ಸೀಸ ಕುದಿಯಲು 1700 ಡಿಗ್ರಿಗೂ ಹೆಚ್ಚು ಬೇಕು. ಹಾಗಾಗಿ ಏಳುವ ಹೊಗೆ ಬಹುಪಾಲು ಫ್ಲಕ್ಸ್‌ನದ್ದು. ಅದೂ ಶ್ವಾಸಕ್ಕೆ ಒಳ್ಳೆಯದಲ್ಲ, ಸೀಸರಹಿತ ಬೆಸುಗೆಯಲ್ಲೂ ಅದು ಇದ್ದೇ ಇರುತ್ತದೆ, ಆದ್ದರಿಂದ ಕಿಟಕಿ ತೆರೆದಿರಲಿ, ಫ್ಯಾನು ಹೊಗೆಯನ್ನು ಮುಖದಿಂದ ಆಚೆ ಎಳೆಯಲಿ. ಸೀಸ ದೇಹ ಸೇರುವುದು ಹೆಚ್ಚಾಗಿ ಕೈಯಿಂದ ಬಾಯಿಗೆ. ಬೆಸುಗೆ ಮುಟ್ಟಿದ ಕೈಯಲ್ಲಿ ಟೀ ಬಿಸ್ಕತ್ತು ತಿನ್ನಬೇಡಿ, ಸೋಲ್ಡರ್ ವೈರನ್ನು ಹಲ್ಲಿನಲ್ಲಿ ಕಚ್ಚಬೇಡಿ, ಕೆಲಸ ಮುಗಿದ ಮೇಲೆ ಸಾಬೂನು ಹಾಕಿ ಕೈ ತೊಳೆಯಿರಿ. ಕೆಲಸದ ಬಟ್ಟೆಯಲ್ಲೇ ಮನೆಯ ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳಬೇಡಿ.

ಕಾರ್ಖಾನೆಯ ಸಂದರ್ಶನಕ್ಕೆ ಹೋಗುವವರು ಆರು ವಸ್ತುಗಳ ಹೆಸರು, ಎರಡು ಮಿತಿಗಳು ಮತ್ತು ‘ಏಕರೂಪದ ವಸ್ತು’ವಿನ ಅರ್ಥ ಕಲಿತಿರಿ. ಕೆಲಸಕ್ಕೆ ಸೇರಿದ ಮೇಲೆ ಲೇಬಲ್ ಇಲ್ಲದ ಡಬ್ಬಿ ಕಂಡರೆ, ಪಾರ್ಟ್ ನಂಬರ್ ಹೊಂದದಿದ್ದರೆ, ಲೈನ್ ನಿಲ್ಲುತ್ತದೆಂಬ ಅಂಜಿಕೆಯಿಂದ ಸುಮ್ಮನಿರಬೇಡಿ, ಮೇಲ್ವಿಚಾರಕರಿಗೆ ಹೇಳಿ. ಸೋನಿಯ 13 ಲಕ್ಷ ಪೆಟ್ಟಿಗೆಗಳನ್ನು ನಿಲ್ಲಿಸಿದ್ದು ಯಾರ ಗಮನಕ್ಕೂ ಬಾರದ ಒಂದು ಕೇಬಲ್.

ಎಲ್ಲರೂ ಮಾಡಬಹುದಾದ ಒಂದು ಸಣ್ಣ ಕೆಲಸವೂ ಇದೆ. ಹೊಸ ಫೋನು, ಚಾರ್ಜರ್ ಅಥವಾ ಮಿಕ್ಸಿ ಕೊಂಡಾಗ ಡಬ್ಬಿಯಲ್ಲಿರುವ ಕೈಪಿಡಿಯನ್ನು ಎಸೆಯುವ ಮೊದಲು ಓದಿ. ಸಾಮಾನು ಈ ಮಿತಿಗಳಿಗೆ ಒಳಪಟ್ಟಿದೆ ಎಂಬ ಘೋಷಣೆ ಕೈಪಿಡಿಯಲ್ಲಿ ಇರಲೇಬೇಕು. ಅಡ್ಡಗೆರೆ ಹೊಡೆದ ಕಸದ ಡಬ್ಬಿಯ ಚಿತ್ರವೂ ಸಾಮಾನಿನ ಮೇಲೋ ಕೈಪಿಡಿಯಲ್ಲೋ ಇರಬಹುದು, ಇದನ್ನು ಮಾಮೂಲಿ ಕಸಕ್ಕೆ ಹಾಕಬಾರದು ಎಂಬುದು ಅದರ ಅರ್ಥ. ಎರಡೂ ಇಲ್ಲದ ಅಗ್ಗದ ಚಾರ್ಜರ್ ಸಿಕ್ಕರೆ, ಅದರೊಳಗಿನ ಬೆಸುಗೆಯ ಹನಿಯಲ್ಲಿ ಸೀಸ ಎಷ್ಟಿದೆ ಎಂದು ಅಂಗಡಿಯವರನ್ನು ಕೇಳಿ ನೋಡಿ. ಉತ್ತರ ಸಿಗದಿದ್ದರೆ ಆ ಚಾರ್ಜರ್ ಕೊಳ್ಳಬೇಡಿ.